ಒಂದು ಗಂಟೆಯ ಸೆಸ್ನಾ ಸವಾರಿ: ಕೌಂಟರಿನ ಲೆಕ್ಕ, ನನ್ನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಸೆಸ್ನಾ ಅನ್ನುವ ಸಣ್ಣ ವಿಮಾನದ ಸವಾರಿಗೆ ಐದಕ್ಕೆ ಐದು. ಅದನ್ನು ಮಾರಿದ ರೀತಿಗೆ ಐದಕ್ಕೆ ಎರಡು, ಅದೂ ಒಳ್ಳೆ ಕಾಫಿ ಕೊಟ್ಟರು ಅಂತ.

ಜಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟ್. ದೊಡ್ಡ ವಿಮಾನ ಬರುವ ಜಾಗ ಅಲ್ಲ. ಈಸ್ಟ್‌ರಿಡ್ಜ್ ಮಾಲ್‌ಗೆ ಹೋದವರು ನೋಡಿರುತ್ತೀರಿ, ತಲೆ ಮೇಲೆ ಗುಂಯ್ ಅಂತ ಸಣ್ಣ ವಿಮಾನಗಳು ಸುತ್ತುತ್ತಲೇ ಇರುತ್ತವೆ. ಹಾರಲು ಕಲಿಸುವ ಶಾಲೆಗಳು ಅಲ್ಲಿ ಹಲವು ಇವೆ. ಅದರಲ್ಲಿ ಒಂದರಲ್ಲಿ ನಾನು ಡಿಸ್ಕವರಿ ಫ್ಲೈಟ್ ತಗೊಂಡೆ. ಅಂದರೆ ಲೈಸೆನ್ಸ್, ಅನುಭವ ಏನೂ ಇಲ್ಲದ ನಿಮ್ಮನ್ನು ಪೈಲಟ್ ಸೀಟಿನಲ್ಲೇ ಕೂರಿಸುತ್ತಾರೆ, ಪಕ್ಕದಲ್ಲಿ ಕಲಿಸುವವರು ಕೂರುತ್ತಾರೆ, ಮೇಲೆ ಹೋದ ಮೇಲೆ ಸ್ಟಿಯರಿಂಗ್ ನಿಮ್ಮ ಕೈಗೆ ಕೊಡುತ್ತಾರೆ. ಇಷ್ಟವಾದರೆ ಲೈಸೆನ್ಸಿಗೆ ಸೇರಿಕೊಳ್ಳಿ ಅನ್ನುವ ಸ್ಯಾಂಪಲ್ ಪ್ಯಾಕೆಟ್ ಇದು. ನಾನು ಕೊಟ್ಟಿದ್ದು 239 ಡಾಲರ್. ಶಾಲೆಯ ಹೆಸರು ಬರೆಯುತ್ತಿಲ್ಲ. ದೂರುಗಳಿವೆ, ಆದರೆ ಅಲ್ಲಿ ಕೌಂಟರಿನ ಹುಡುಗ ಹೇಳಿದ ಒಂದು ಮಾತನ್ನು ಪೈಲಟ್‌ಗಳು ಎಲ್ಲಾ ಕಡೆ ಹೇಳುತ್ತಾರೆ. ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ.

ಆ ಮಾತು ಬಂದದ್ದು ಹೀಗೆ. ಮೊದಲ ಸಲ ಹೋದದ್ದು ಶನಿವಾರ ಬೆಳಗ್ಗೆ 8 ಗಂಟೆಗೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ. ಕೌಂಟರಿನ ಹುಡುಗ ತುಂಬಾ ಚುರುಕು. ಐದು ಪುಟದ ಕರಾರು ಮುಂದೆ ತಳ್ಳಿದ. ಗಾಯವಾದರೆ, ಸತ್ತರೆ ಶಾಲೆ ಹೊಣೆಯಲ್ಲ ಅಂತ ಆರೇಳು ಕಡೆ ಸಹಿ ಹಾಕಬೇಕು. ನಾನು ಪೆನ್ನು ಹಿಡಿದು ಸ್ವಲ್ಪ ತಡಮಾಡಿದೆ. ಅವನು ನಕ್ಕು, "ಸರ್, ಇವತ್ತಿನ ದೊಡ್ಡ ಅಪಾಯ ಆಗಲೇ ಮುಗೀತು, ಕಾರಲ್ಲಿ ಇಲ್ಲಿಗೆ ಬಂದಿದ್ದೇ ಅದು" ಅಂದ.

ನನ್ನ ಹೆಂಡತಿ ಮೆಲ್ಲಗೆ, "ಅಲ್ರೀ, ಕಾರು ಹತ್ತುವಾಗ ಯಾರೂ ಸಹಿ ಹಾಕಿಸಿಕೊಂಡಿಲ್ಲವಲ್ಲ?" ಅಂದಳು.

ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಸಹಿ ಹಾಕಿದೆ, ಆದರೆ ಅವತ್ತು ಹಾರಲಿಲ್ಲ. ಬೇ ಏರಿಯಾದ ಬೇಸಿಗೆ ಬೆಳಗು ಹೇಗಿರುತ್ತೆ ಅಂತ ಗೊತ್ತಲ್ಲ, ಸಮುದ್ರದ ಕಡೆಯಿಂದ ಬಂದ ಮೋಡ ಕಂಬಳಿ ಹಾಸಿದ ಹಾಗೆ ಕೂತಿತ್ತು. ಕೌಂಟರಿನ ಹುಡುಗ ಅರ್ಧ ಗಂಟೆ ಕಾಯಿರಿ, ಬಿಡುತ್ತೆ ಅಂದ. ನನಗೆ ಕಲಿಸಬೇಕಾಗಿದ್ದಾಕೆ ಹೊರಗೆ ಬಂದರು, ಫೋನ್ ನೋಡಿದರು, ಆಕಾಶ ನೋಡಿದರು. ಮೋಡದ ತಳ 900 ಅಡಿಗೆ ಇದೆ, ನಿಯಮದ ಪ್ರಕಾರ ಕನಿಷ್ಠ 1000 ಬೇಕು, ಸಾವಿರಕ್ಕೆ ಬಂದರೂ ಇವತ್ತು ನಾನು ಹೋಗಲ್ಲ, ಅಂದರು. ಬೇರೆ ದಿನ ಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಮಗ ಮುಖ ಊದಿಸಿಕೊಂಡ. ನನಗೂ ಬೇಜಾರಾಯಿತು. ಈಗ ಯೋಚಿಸಿದರೆ ಇಡೀ 239 ಡಾಲರಿನಲ್ಲಿ ಅತಿ ಬೆಲೆಯ ಐದು ನಿಮಿಷ ಅದೇ.

ಮುಂದಿನ ದಿನಾಂಕಕ್ಕೆ ಎರಡು ವಾರ ಇತ್ತು. ನಾನು ಲೆಕ್ಕ ಹಾಕಲು ಕೂತೆ. ದಿನಾ ಆಫೀಸಿನಲ್ಲಿ ಡೇಟಾ ನೋಡುವವನು ನಾನು, ಇಷ್ಟಾದರೂ ಮಾಡದಿದ್ದರೆ ಹೇಗೆ.

ಕಾರಿನದು ಸುಲಭ. ಅಮೆರಿಕದಲ್ಲಿ 2023ರಲ್ಲಿ 10 ಕೋಟಿ ಮೈಲಿ ಓಡಾಟಕ್ಕೆ 1.26 ಜನ ರಸ್ತೆಯಲ್ಲಿ ಸತ್ತಿದ್ದಾರೆ, ಸರ್ಕಾರದ್ದೇ ಲೆಕ್ಕ. ಸಣ್ಣ ವಿಮಾನದ್ದನ್ನು ಮೈಲಿಯಲ್ಲಿ ಕೊಡಲ್ಲ, ಗಂಟೆಯಲ್ಲಿ ಕೊಡುತ್ತಾರೆ. ಏರ್‌ಲೈನ್ ಬಿಟ್ಟು ಉಳಿದ ಹಾರಾಟವನ್ನು ಇಲ್ಲಿ ಜನರಲ್ ಏವಿಯೇಷನ್ ಅನ್ನುತ್ತಾರೆ. ಅದರಲ್ಲಿ 1 ಲಕ್ಷ ಗಂಟೆ ಹಾರಿದರೆ ಜೀವ ಹೋಗುವಂಥ ಅಪಘಾತ ಸುಮಾರು 1. ಇತ್ತೀಚಿನ ಕೆಲವು ವರ್ಷ ಒಂದರ ಆಸುಪಾಸಿನಲ್ಲೇ ನಿಂತಿದೆ.

ಈ ಎರಡನ್ನು ಒಂದೇ ತಕ್ಕಡಿಗೆ ಹಾಕಬೇಕಲ್ಲ. ಅದಕ್ಕೆ ಒಂದು ಅಳತೆ ಇದೆ, ಮೈಕ್ರೋಮಾರ್ಟ್ ಅಂತ, ಸ್ಟ್ಯಾನ್‌ಫರ್ಡ್‌ನ ರೊನಾಲ್ಡ್ ಹೋವರ್ಡ್ ಎಂಬ ಪ್ರೊಫೆಸರ್ ಕೊಟ್ಟ ಹೆಸರು. 10 ಲಕ್ಷಕ್ಕೆ 1 ಸಾವಿನ ಸಂಭವ ಅಂದರೆ ಒಂದು ಮೈಕ್ರೋಮಾರ್ಟ್. ಮನೆಯಲ್ಲಿ ಇದನ್ನು ಹೇಳುವಾಗ ನಾನು ಅಕ್ಕಿಗೆ ಇಳಿಸಿದೆ. ಒಂದು ಚೀಲ ಸೋನಾಮಸೂರಿಯಲ್ಲಿ ಅಂದಾಜು 10 ಲಕ್ಷ ಕಾಳು ಅಂದುಕೊಳ್ಳಿ, ಅದರಲ್ಲಿ ಒಂದು ಕಲ್ಲು. ಕಣ್ಣು ಮುಚ್ಚಿ ಕೈ ಹಾಕಿ ಒಂದು ಕಾಳು ತೆಗೆಯಬೇಕು. ಕಲ್ಲು ಸಿಕ್ಕರೆ ಮುಗೀತು.

ಫ್ರೀಮಾಂಟಿನ ನಮ್ಮ ಮನೆಯಿಂದ ರೀಡ್-ಹಿಲ್‌ವ್ಯೂಗೆ 680 ಹೆದ್ದಾರಿಯಲ್ಲಿ ಹೆಚ್ಚೂಕಮ್ಮಿ 20 ಮೈಲಿ. ಹೋಗಿ ಬಂದರೆ 40. ಚೀಲದಲ್ಲಿ ಅರ್ಧ ಕಲ್ಲು. ಒಂದು ಗಂಟೆ ಸಣ್ಣ ವಿಮಾನ ಅಂದರೆ ಅದೇ ಚೀಲದಲ್ಲಿ ಹತ್ತು ಕಲ್ಲು.

ಅರ್ಧ ಎಲ್ಲಿ, ಹತ್ತು ಎಲ್ಲಿ. ಇಪ್ಪತ್ತು ಪಟ್ಟು. ಕಾರಿನಲ್ಲಿ ಅಷ್ಟೇ ಅಪಾಯ ತಗೋಬೇಕು ಅಂದರೆ ಸುಮಾರು 800 ಮೈಲಿ ಓಡಿಸಬೇಕು. ಸ್ಯಾನ್ ಹೊಸೆಯಿಂದ ಲಾಸ್ ಏಂಜಲೀಸ್‌ಗೆ ಹೋಗಿ, ವಾಪಸ್ ಬಂದು, ಇನ್ನೂ ನೂರು ಮೈಲಿ.

ಸ್ವಲ್ಪ ನ್ಯಾಯವಾಗಿ ಹೇಳೋಣ. ಅಪಘಾತವಾದ ವಿಮಾನದಲ್ಲಿ ಇದ್ದವರೆಲ್ಲ ಸಾಯುವುದಿಲ್ಲ, ಹಾಗಾಗಿ ಹತ್ತು ಅನ್ನುವುದು ಸ್ವಲ್ಪ ಜಾಸ್ತಿಯೇ. ಕಲಿಸುವವರು ಪಕ್ಕದಲ್ಲಿರುವ ಹಾರಾಟ ಸರಾಸರಿಗಿಂತ ಸುರಕ್ಷಿತ, ಭಾನುವಾರ ಖುಷಿಗೆ ಹಾರುವವರದ್ದು ಸರಾಸರಿಗಿಂತ ಚೆನ್ನಾಗಿಯೇ ಜಾಸ್ತಿ ಅಪಾಯ. ಆದ್ದರಿಂದ ನನ್ನ ಸವಾರಿಯದ್ದನ್ನು ಅರ್ಧಕ್ಕೆ ಇಳಿಸಿ ಐದು ಕಲ್ಲು ಅಂದುಕೊಳ್ಳೋಣ. ಆಗಲೂ ಕಾರಿನ ಹತ್ತು ಪಟ್ಟು. ಹುಡುಗನ ಮಾತು ಯಾವ ದಾರಿಯಲ್ಲಿ ಬಂದರೂ ನಿಲ್ಲುವುದಿಲ್ಲ.

ಅವನು ಸುಳ್ಳು ಹೇಳಿದ ಅಂತ ನಾನು ಹೇಳುತ್ತಿಲ್ಲ. ಅವನು ಬೇರೆ ಮನೆಯ ಜಾತಕ ತಂದು ತೋರಿಸಿದ, ಅಷ್ಟೇ. ಕಾರಿಗಿಂತ ವಿಮಾನ ಸೇಫ್ ಅನ್ನುವುದು ಏರ್‌ಲೈನ್‌ಗಳ ಮಟ್ಟಿಗೆ ಪೂರ್ತಿ ನಿಜ. ಅಮೆರಿಕದ ಏರ್‌ಲೈನ್‌ಗಳಲ್ಲಿ 2009ರ ಫೆಬ್ರವರಿಯ ಬಫಲೋ ದುರಂತ ಆದಮೇಲೆ 2025ರ ಜನವರಿಯಲ್ಲಿ ವಾಷಿಂಗ್ಟನ್ ಹತ್ತಿರ 67 ಜನ ಹೋದ ಡಿಕ್ಕಿಯವರೆಗೆ ಅಂಥ ದೊಡ್ಡದು ಒಂದೂ ಆಗಿರಲಿಲ್ಲ. ಸುಮಾರು 16 ವರ್ಷ. ಇಬ್ಬರು ಪೈಲಟ್‌ಗಳು, ಎರಡು ಜೆಟ್ ಎಂಜಿನ್, ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಸಿಮ್ಯುಲೇಟರ್ ಪರೀಕ್ಷೆ, ಹಿಂದೆ ನಿಂತು ಹವೆ ನೋಡುವ ಆಫೀಸು. ಅದರ ಅಂಕಿಯನ್ನು ತಂದು ಒಂದೇ ಎಂಜಿನ್, ಒಬ್ಬನೇ ಪೈಲಟ್ ಇರುವ ನಾಲ್ಕು ಸೀಟಿನ ಸೆಸ್ನಾಗೆ ಅಂಟಿಸಿದರೆ ಹೇಗೆ?

ಹಾಗಾದರೆ ಸೆಸ್ನಾವನ್ನು ಯಾವುದಕ್ಕೆ ಹೋಲಿಸಬೇಕು? ನನಗೆ ಸಿಕ್ಕ ಉತ್ತರ ಬೈಕ್. ಇಲ್ಲಿ ಮೈಲಿಗೆ ಲೆಕ್ಕ ಹಾಕಿದರೆ ಮೋಟಾರ್‌ಸೈಕಲ್ ಸವಾರರ ಸಾವು ಕಾರಿನವರಿಗಿಂತ 20 ಪಟ್ಟಿಗೂ ಹೆಚ್ಚು. ಗಂಟೆಗೆ 40 ಮೈಲಿ ವೇಗ ಅಂತ ಇಟ್ಟುಕೊಂಡು ಗಂಟೆಗೆ ಪರಿವರ್ತಿಸಿದೆ. ಸಣ್ಣ ವಿಮಾನದ ಹತ್ತಿರ ಹತ್ತಿರಕ್ಕೇ ಬಂದು ನಿಂತಿತು. ನನಗೆ ಇದರಿಂದ ಭಯ ಆಗುವ ಬದಲು ಸಮಾಧಾನವಾಯಿತು ಅಂದರೆ ನಂಬುತ್ತೀರಾ? ಯಾಕೆಂದರೆ ಬೈಕ್ ಅಂದರೆ ಏನು ಅಂತ ನನ್ನ ಮೈಗೆ ಗೊತ್ತು. ಶಿವಮೊಗ್ಗದಲ್ಲಿ ಕಾಲೇಜಿನ ನಾಲ್ಕು ವರ್ಷ ಸ್ಪ್ಲೆಂಡರ್ ಓಡಿಸಿದವನು, ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದವನು, ಅದೂ ಹೆಲ್ಮೆಟ್ಟನ್ನು ತಲೆಗೆ ಹಾಕದೆ ಕೈಗೆ ಸಿಕ್ಕಿಸಿಕೊಂಡು. ಅಂದರೆ ಈ ಅಪಾಯ ನನಗೆ ಹೊಸದಲ್ಲ. ಹಿಂದೆ ತಗೊಂಡಿದ್ದೆ, ಆಗ ಯಾರೂ ಫಾರ್ಮ್ ಕೊಟ್ಟಿರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಹೇಳಬಾರದಿತ್ತು. ಒಂದು ಕ್ಷಣ ಸುಮ್ಮನಿದ್ದು, "ಸೌಂದರ್ಯ ಹೋಗಿದ್ದು ಇಂಥದ್ದರಲ್ಲೇ ಅಲ್ವೇನೋ?" ಅಂದರು.

ನಿಜ. 2004ರ ಏಪ್ರಿಲ್ 17. ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಸೆಸ್ನಾ 180, ಮೇಲೇರಿದ ಕೆಲವೇ ನಿಮಿಷದಲ್ಲಿ ಜಿಕೆವಿಕೆ ಆವರಣದಲ್ಲಿ ಬಿತ್ತು. ಆಕೆ, ಅಣ್ಣ, ಇನ್ನಿಬ್ಬರು, ನಾಲ್ಕೂ ಜನ ಹೋದರು. ನಮ್ಮ ಅಮ್ಮನ ವಯಸ್ಸಿನವರಿಗೆ ಸಣ್ಣ ವಿಮಾನ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಅದೇ ಚಿತ್ರ. ಅದರ ಮೇಲೆ 2025ರ ಜೂನ್‌ನಲ್ಲಿ ಅಹಮದಾಬಾದಿನದು ಬೇರೆ ಆಗಿತ್ತು. ಅಮ್ಮನಿಗೆ ದೊಡ್ಡದು ಸಣ್ಣದು ಭೇದವಿಲ್ಲ, ರೆಕ್ಕೆ ಇದ್ದದ್ದೆಲ್ಲ ಬೀಳುವುದೇ.

ನಾನು ಅಮ್ಮನಿಗೆ ಕೇಳಿದೆ, ಶಂಕರ್ ನಾಗ್ ಹೋಗಿದ್ದು ಯಾವುದರಲ್ಲಿ ಅಂತ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಆನಗೋಡು, ಕಾರಿನಲ್ಲಿ. ಇಡೀ ಕರ್ನಾಟಕ ಅತ್ತಿತ್ತು, ಇವತ್ತಿಗೂ ಆಟೋಗಳ ಹಿಂದೆ ಅವರ ಚಿತ್ರ ಇದೆ. ಆಮೇಲೆ ಯಾರಾದರೂ ಕಾರು ಹತ್ತುವುದು ಬಿಟ್ಟರಾ? ದಾವಣಗೆರೆ ದಾರಿಯಲ್ಲಿ ಅಪ್ಪನೇ ಎಷ್ಟು ಸಲ ಅಂಬಾಸಿಡರ್ ಓಡಿಸಿಕೊಂಡು ಹೋಗಿಲ್ಲ? ಅಮ್ಮ ಅದಕ್ಕೆ, "ಕಾರು ಬೇಕು ಕಣೋ, ವಿಮಾನ ಯಾಕೆ ಬೇಕು ನಿಂಗೆ?" ಅಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲಾ ಅಂಕಿಗಳನ್ನು ಮೀರಿದ ಪ್ರಶ್ನೆ ಅದು. ಕೆಲಸಕ್ಕೆ ಹೋಗುವಾಗ ತಗೊಳ್ಳುವ ಅಪಾಯ ಬೇರೆ, ಸುಮ್ನೆ ಖುಷಿಗೆ ತಗೊಳ್ಳುವುದು ಬೇರೆ. ಆದರೂ ಒಂದು ಮಾತು. ಅಮ್ಮ ಇವತ್ತಿಗೂ ತರಕಾರಿಗೆ ಹೋಗುವುದು ಪಕ್ಕದ ಮನೆ ಹುಡುಗನ ಸ್ಕೂಟರ್ ಹಿಂದೆ ಕೂತು, ಒಂದೇ ಕಡೆ ಕಾಲು ಹಾಕಿಕೊಂಡು, ಕೈಯಲ್ಲಿ ಎರಡು ಚೀಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರದವರು. ಇದನ್ನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ತರಕಾರಿಯೂ ನಿಲ್ಲುತ್ತಿತ್ತು.

ಅಂಕಿಯ ವಿಷಯ ಮುಗಿಸುವ ಮೊದಲು ಇನ್ನೆರಡು, ಯಾಕೆಂದರೆ ನಿಮಗೂ ಯಾರಾದರೂ ಅಂಕಿ ಕೊಡುತ್ತಾರೆ. ಒಂದು, ಭಾಗಿಸಿದ್ದು ಯಾವುದರಿಂದ ಅಂತ ನೋಡಿ. ಟ್ಯಾಂಡೆಮ್ ಸ್ಕೈಡೈವಿಂಗ್, ಅಂದರೆ ಗುರುವಿನ ಎದೆಗೆ ಕಟ್ಟಿಸಿಕೊಂಡು ಹಾರುವುದು, ಅಮೆರಿಕದಲ್ಲಿ ಸುಮಾರು 5 ಲಕ್ಷ ಜಿಗಿತಕ್ಕೆ ಒಂದು ಸಾವು. ನಮ್ಮ ಅಳತೆಯಲ್ಲಿ ಎರಡು ಕಲ್ಲು. ನೋಡಿದರೆ ಹತ್ತು ಕಲ್ಲಿನ ಒಂದು ಗಂಟೆ ಸೆಸ್ನಾ ಐದು ಸಲ ಆಕಾಶದಿಂದ ಧುಮುಕಿದ್ದಕ್ಕೆ ಸಮ! ಆದರೆ ಧುಮುಕುವುದು ಮುಗಿಯುವುದು ಏಳೆಂಟು ನಿಮಿಷದಲ್ಲಿ. ನಿಮಿಷಕ್ಕೆ ಭಾಗಿಸಿದರೆ ಚಿತ್ರ ತಿರುಗಿಬಿಡುತ್ತದೆ. ಎರಡೂ ಸರಿ. ಮಾರುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ, ಹಾಗೇ ಹೆದರಿಸುವವರೂ. ಎರಡನೆಯದು, ಸಣ್ಣ ವಿಮಾನಗಳು ವರ್ಷಕ್ಕೆ ಇಷ್ಟು ಗಂಟೆ ಹಾರಿದವು ಅಂತ ಹೇಳುತ್ತಾರಲ್ಲ, ಅದನ್ನು ಮೀಟರ್ ನೋಡಿ ಎಣಿಸಿಲ್ಲ. ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಪ್ರತಿ ವರ್ಷ ವಿಮಾನದ ಮಾಲೀಕರಿಗೆ ಸರ್ವೆ ಕಳಿಸುತ್ತದೆ, ಉತ್ತರ ಕೊಟ್ಟವರಿಂದ ಅಂದಾಜು ಮಾಡುತ್ತದೆ. ಸತ್ತವರ ಲೆಕ್ಕ ಪಕ್ಕಾ, ಹಾರಿದ ಗಂಟೆಯ ಲೆಕ್ಕ ಅಂದಾಜು. ಅದಕ್ಕೇ ನಾನು 'ಸುಮಾರು 1' ಅಂತಲೇ ಬರೆದದ್ದು. ಯಾರಾದರೂ ಬಂದು ಎರಡು ದಶಮಾಂಶದವರೆಗೆ ಹೇಳಿದರೆ ಸ್ವಲ್ಪ ನಗಿ.

ಅಪಘಾತಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿಯ ವೆಬ್‌ಸೈಟಿನಲ್ಲಿ ವಿಮಾನದ ಬಾಲದ ನಂಬರ್ ಹಾಕಿ ಹಳೆ ಅಪಘಾತ ಹುಡುಕಬಹುದು, ಪುಕ್ಕಟೆ. ನಾನು ಬುಕಿಂಗ್ ಮೇಲ್‌ನಲ್ಲಿದ್ದ ನಂಬರ್ ಹಾಕಿದೆ, ಏನೂ ಬರಲಿಲ್ಲ. ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಸಣ್ಣಪುಟ್ಟ ತಾಗಿಸಿಕೊಂಡದ್ದು ಅಲ್ಲಿ ಬರುವುದೇ ಇಲ್ಲ ಅಂತ.

ಈಗ ಸವಾರಿ. ಎರಡನೇ ಸಲ ಭಾನುವಾರ 11 ಗಂಟೆ. ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆ.

ವಿಮಾನ ಸೆಸ್ನಾ 172. 1956ರಿಂದ ಮಾರುತ್ತಿದ್ದಾರೆ, ಇದುವರೆಗೆ 44,000ಕ್ಕೂ ಹೆಚ್ಚು ಮಾಡಿದ್ದಾರೆ. ವಿಮಾನಗಳಲ್ಲಿ ಇದು ನಮ್ಮ ಸ್ಪ್ಲೆಂಡರ್ ಇದ್ದ ಹಾಗೆ, ಎಲ್ಲಾ ಕಡೆ ಇದೆ, ಬಿಡಿಭಾಗ ಸಿಗುತ್ತೆ, ತಪ್ಪು ಮಾಡಿದರೂ ಸ್ವಲ್ಪ ಕ್ಷಮಿಸುತ್ತೆ. ಹತ್ತಿರದಿಂದ ನೋಡಿದರೆ ಗಾಬರಿಯಾಗುವಷ್ಟು ಸಣ್ಣದು. ಬಾಗಿಲು ಹಳೇ ಮಾರುತಿ 800ರದ್ದಕ್ಕಿಂತ ಹಗುರ, ಟಪ್ ಅಂತ ಮುಚ್ಚುತ್ತೆ.

ಟೀಚರ್‌ಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬೇಕು. ನಿಮಗೆ ಎಷ್ಟು ಗಂಟೆ ಅನುಭವ ಅಂತ ಸಂಕೋಚ ಬಿಟ್ಟು ಕೇಳಿದೆ. 620 ಅಂದರು. ಏರ್‌ಲೈನ್ ಸೇರಲು ಸಾಮಾನ್ಯವಾಗಿ 1500 ಬೇಕು, 2013ರಿಂದ ಹಾಗೆ ನಿಯಮ, ಅದಕ್ಕೇ ಇಲ್ಲಿ ಕಲಿಸಿ ಗಂಟೆ ಕೂಡಿಸುತ್ತಿದ್ದೇನೆ ಅಂತ ತಾವೇ ಹೇಳಿದರು. ಅಂದರೆ ಕಲಿಸುವವರು ಕೂಡ ಇನ್ನೊಂದು ಕೆಲಸದ ದಾರಿಯಲ್ಲಿ ಇರುವವರೇ. ಇದು ಇಲ್ಲಿ ತೀರಾ ಮಾಮೂಲು. ಗೊತ್ತಿರಲಿ ಅಂತ ಬರೆದೆ, ಆಕೆಯ ಬಗ್ಗೆ ನನಗೆ ದೂರಿಲ್ಲ.

ದೂರಿಲ್ಲ ಅನ್ನುವುದಕ್ಕೆ ಕಾರಣ ನೆಲದ ಮೇಲೆ ಕಳೆದ ಅರ್ಧ ಗಂಟೆ. ಕೈಯಲ್ಲಿ ಚೆಕ್‌ಲಿಸ್ಟ್, ಒಂದು ಪಾರದರ್ಶಕ ಪ್ಲಾಸ್ಟಿಕ್ ಲೋಟ, ಲೋಟದ ನಡುವೆ ಒಂದು ಕಡ್ಡಿ. ರೆಕ್ಕೆ ಕೆಳಗೆ ಸಣ್ಣ ಕವಾಟ ಇದೆ, ಅದಕ್ಕೆ ಕಡ್ಡಿ ಒತ್ತಿದರೆ ಟ್ಯಾಂಕಿನ ತಳದಿಂದ ಪೆಟ್ರೋಲು ಲೋಟಕ್ಕೆ ಇಳಿಯುತ್ತೆ. ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯ ಹಾಗೆ ಬೇರೆ ನಿಲ್ಲುತ್ತೆ. ಇಂಥ ಕವಾಟ ಎಷ್ಟು ಅಂದುಕೊಂಡಿರಿ? ಒಂದೊಂದು ರೆಕ್ಕೆಗೆ ಐದು, ಮೂಗಿನ ಕೆಳಗೆ ಮೂರು. ಒಟ್ಟು 13. ನಾಲ್ಕನೆಯದಕ್ಕೆ ನಾನು ಸಾಕಲ್ವಾ ಅನ್ನುವ ಮುಖ ಮಾಡಿರಬೇಕು. ಆಕೆ ಏನೂ ಹೇಳದೆ ಲೋಟವನ್ನು ನನ್ನ ಕೈಗೆ ಕೊಟ್ಟು, ಉಳಿದ ಒಂಬತ್ತು ನೀವೇ ಮಾಡಿ ಅಂದರು. ಮೊಣಕಾಲೂರಿ ಮಾಡಿದೆ. ಪ್ಯಾಂಟಿಗೆ ಪೆಟ್ರೋಲ್ ವಾಸನೆ ಹತ್ತಿ ಎರಡು ಒಗೆತ ಬೇಕಾಯಿತು. ಆಮೇಲೆ ರೆಕ್ಕೆ ಮೇಲೆ ಹತ್ತಿ ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ನೋಡಿದರು, ಒಳಗೆ ಫ್ಯುಯಲ್ ಮೀಟರ್ ಇದ್ದರೂ. ಅದನ್ನು ನಂಬಬಾರದಂತೆ. ಸಣ್ಣ ವಿಮಾನಗಳು ಇವತ್ತಿಗೂ ಪೆಟ್ರೋಲ್ ಖಾಲಿಯಾಗಿ ಬೀಳುತ್ತವೆ ಅಂದರೆ ನಂಬಲು ಕಷ್ಟ, ಆದರೆ ಬೀಳುತ್ತವೆ.

ಸೀಟಿನಲ್ಲಿ ಕೂತ ಮೇಲೆ ಹಿಂದೆ ಮುಂದೆ ಜೋರಾಗಿ ಅಲ್ಲಾಡಿ ಅಂದರು. ಸೀಟು ಹಳಿಯ ಮೇಲೆ ಸರಿಯುವಂಥದ್ದು, ಪಿನ್ ಸರಿಯಾಗಿ ಕೂರದೆ ಮೇಲೇರುವಾಗ ಸೀಟು ಹಿಂದೆ ಜಾರಿ, ಪೈಲಟ್ ಸ್ಟಿಯರಿಂಗ್ ಹಿಡಿದುಕೊಂಡೇ ಹಿಂದಕ್ಕೆ ಹೋಗಿ ಮೂಗು ಎತ್ತಿಬಿಟ್ಟ ಹಳೆ ಅಪಘಾತಗಳಿವೆ. ಇಷ್ಟು ಸಣ್ಣ ಪಿನ್.

ಮೇಲೇರುವ ಮೊದಲು ಆಕೆ ಬಾಯಿಬಿಟ್ಟು ಒಂದು ಮಂತ್ರ ಹೇಳಿದರು. ರನ್‌ವೇ ಮೇಲೇ ಎಂಜಿನ್ ನಿಂತರೆ ಬ್ರೇಕ್. ಸ್ವಲ್ಪ ಮೇಲೆ ಹೋದಾಗ ನಿಂತರೆ ಮುಂದೆ ಸಿಕ್ಕ ಜಾಗಕ್ಕೆ, ಏನೇ ಆದರೂ ಹಿಂದಕ್ಕೆ ತಿರುಗುವುದಿಲ್ಲ. ಮುಂದೆ ಏನಿದೆ ಅಂತ ನಾನು ನೋಡಿದೆ. ಮನೆಗಳು. ಮನೆಗಳು, ರಸ್ತೆ, ಮತ್ತೆ ಮನೆಗಳು. ಅದೊಂದು ನಿಮಿಷ ನನಗೆ ನಿಜವಾಗಿ ಹೆದರಿಕೆ ಆಯಿತು, ನನಗಾಗಿ ಅಷ್ಟೇ ಅಲ್ಲ. ನಾನು ಆರು ಕಡೆ ಸಹಿ ಹಾಕಿದ್ದೇನೆ. ಆ ಮನೆಗಳವರು ಎಲ್ಲೂ ಹಾಕಿಲ್ಲ. ಬೀಳುವುದು ಅಪರೂಪ, ಆದರೆ ಅವರ ಪಾಲಿಗೆ ಬಂದದ್ದು ಅದೊಂದೇ ಅಲ್ಲ. ಈ ವಿಮಾನಗಳ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಸುತ್ತಲ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಅಂತ 2021ರಲ್ಲಿ ಅಧ್ಯಯನದ ವರದಿ ಬಂತು, 2022ರ ಜನವರಿಯಿಂದ ಕೌಂಟಿಯವರು ಇಲ್ಲಿ ಸೀಸದ ಪೆಟ್ರೋಲ್ ಮಾರುವುದನ್ನೇ ನಿಲ್ಲಿಸಿದರು. ನಮ್ಮ ಯಾವ ಹಾರಾಟದ ಅಂಕಿಯಲ್ಲೂ ಆ ಮಕ್ಕಳು ಬರುವುದಿಲ್ಲ.

ಇನ್ನು ಮೇಲೆ ಹೋದ ಕಥೆ. ದಕ್ಷಿಣಕ್ಕೆ, ಬಲಗಡೆ 101 ಹೆದ್ದಾರಿ, ಎಡಗಡೆ ಒಣಹುಲ್ಲಿನ ಬೆಟ್ಟಗಳು, ಆ್ಯಂಡರ್ಸನ್ ಜಲಾಶಯದ ಕಡೆಗೆ. ಎಷ್ಟು ಚೆನ್ನಾಗಿತ್ತು ಅಂತ ಬರೆಯಲು ಹೋದರೆ ಬೇರೆ ಲೇಖನವೇ ಬೇಕು. ನಾನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಒಮ್ಮೆ 200 ಅಡಿ ಕೆಳಗೆ ಬಿಟ್ಟೆ, ಆಕೆ ಎರಡು ಬೆರಳಲ್ಲಿ ಸರಿ ಮಾಡಿದರು. ಒಂದು ಹದ್ದು ನಮ್ಮ ಕೆಳಗೆ ಹೋಯಿತು. ಹದ್ದಿನ ಬೆನ್ನು ನೋಡಿದ್ದು ಅದೇ ಮೊದಲು.

ನಾನೇ ಕೇಳಿಕೊಂಡೆ, ಎಂಜಿನ್ ನಿಂತರೆ ಏನಾಗುತ್ತೆ ತೋರಿಸಿ ಅಂತ. ಆಕೆ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ, ಪೂರ್ತಿ ಹಿಂದಕ್ಕೆ ಎಳೆದರು. ಸದ್ದು ಇಳಿಯಿತು. ನನ್ನ ಹೊಟ್ಟೆಯೂ ಇಳಿಯಿತು. ಆದರೆ ವಿಮಾನ ಬೀಳಲಿಲ್ಲ. ಮೂಗು ಸ್ವಲ್ಪ ತಗ್ಗಿಸಿ, 68 ನಾಟ್ ವೇಗ ಹಿಡಿದು, ಗಾಳಿಯಲ್ಲಿ ಜಾರುತ್ತಾ ಹೋಯಿತು. ಪ್ರತಿ 1000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಮುಂದೆ ಹೋಗಬಹುದು. ನೆಲದಿಂದ 3000 ಅಡಿ ಮೇಲೆ ಇದ್ದೆವು, ಅಂದರೆ ಸುಮಾರು ನಾಲ್ಕು ನಿಮಿಷ. ಎಲ್ಲಿ ಇಳಿಸುತ್ತೀರಿ ಅಂತ ನನಗೇ ಕೇಳಿದರು. ಕಾಯೋಟಿ ವ್ಯಾಲಿಯ ಒಂದು ಹೊಲ ತೋರಿಸಿದೆ. ಅದರಲ್ಲಿ ವಿದ್ಯುತ್ ಕಂಬ ಇದೆ, ನೋಡಿ ಅಂದರು. ಇತ್ತು. ಇನ್ನೊಂದು ಹೊಲ ತೋರಿಸಿದೆ. ಅದಕ್ಕೆ ತಲೆ ಆಡಿಸಿ ಥ್ರಾಟಲ್ ಮುಂದಕ್ಕೆ ತಳ್ಳಿದರು.

ಇಳಿಯುವಾಗ ಆಕೆ ಹೇಳಿದ ಮಾತು ಇಡೀ ಲೆಕ್ಕಕ್ಕೆ ಬೇರೆ ಬಣ್ಣ ಕೊಟ್ಟಿತು. ಎಂಜಿನ್ ನಿಂತು ಸಾಯುವವರು ಕಡಿಮೆ, ತಲೆ ಕೆಟ್ಟು ಸಾಯುವವರು ಜಾಸ್ತಿ ಅಂತ. ಮನೆಗೆ ಬಂದು ನೋಡಿದೆ, ಸರಿಯಾಗಿಯೇ ಹೇಳಿದ್ದಾರೆ. ಸಣ್ಣ ವಿಮಾನಗಳ ಅಪಘಾತದಲ್ಲಿ ಸುಮಾರು ಮುಕ್ಕಾಲು ಪಾಲು ಪೈಲಟ್ ಮಾಡಿದ ತಪ್ಪಿಗೆ ಸೇರಿದ್ದು. ಪೆಟ್ರೋಲ್ ನೋಡದೆ ಹೊರಟದ್ದು, ಗೆಳೆಯನ ಮನೆ ಮೇಲೆ ತಗ್ಗಿನಲ್ಲಿ ಹಾರಿ ತೋರಿಸಿದ್ದು, ಇಳಿಯುವಾಗ ವೇಗ ತೀರಾ ಕಡಿಮೆ ಇದ್ದೂ ತಿರುಗಿಸಲು ಹೋಗಿ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿದ್ದು, ಮತ್ತೆ ಮೋಡದೊಳಗೆ ಹೋದದ್ದು. ಕೊನೆಯದಕ್ಕೆ ಒಂದು ಹಳೆ ಪ್ರಯೋಗ ಇದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಹೊರಗೆ ಏನೂ ಕಾಣದ ಸ್ಥಿತಿಯಲ್ಲಿ ಹಾರಿಸಿದರು. 20ಕ್ಕೆ 20 ಜನರೂ ಹತೋಟಿ ಕಳಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷ ಕೂಡ ಇಲ್ಲ, ಒಂದು ಲೋಟ ಕಾಫಿ ಮಾಡುವಷ್ಟು ಹೊತ್ತೂ ಅಲ್ಲ. ಮೊದಲ ಶನಿವಾರ ಆಕೆ 900 ಅಡಿಯ ಮೋಡ ನೋಡಿ ಬೇಡ ಅಂದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಹಾಗಂತ 'ತಪ್ಪು ಮಾಡುವವರು ಬೇರೆಯವರು, ನಾನು ಹುಷಾರು' ಅಂತ ಆ ಮುಕ್ಕಾಲು ಪಾಲನ್ನು ಕಳೆದುಬಿಡುವ ಹಾಗಿಲ್ಲ. ಪೈಲಟ್‌ಗಳು ಮಾಡುವ ದೊಡ್ಡ ಮೋಸ ಇದೇ, ತಮಗೆ ತಾವೇ. ಸತ್ತವರೂ ಹಾಗೇ ಅಂದುಕೊಂಡಿದ್ದವರು. ಸಿರಸ್ ಅನ್ನುವ ಸಣ್ಣ ವಿಮಾನಕ್ಕೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇದೆ, 1999ರಿಂದ ಬಂದಿದೆ. ಮೊದಮೊದಲು ಅದರ ಅಪಘಾತದ ಪ್ರಮಾಣ ಏನೂ ಕಡಿಮೆ ಇರಲಿಲ್ಲ. ಪ್ಯಾರಾಶೂಟ್ ಇದ್ದೂ ಹಿಡಿ ಎಳೆಯದೆ ಸತ್ತರು. ಯೋಚನೆ ಮಾಡಬೇಡಿ, ಮೊದಲು ಎಳೆಯಿರಿ ಅಂತ ವರ್ಷಗಟ್ಟಲೆ ಹೇಳಿಕೊಟ್ಟ ಮೇಲೆ ಸುಧಾರಿಸಿತು. ನಾನು ಹತ್ತಿದ 172ರಲ್ಲಿ ಪ್ಯಾರಾಶೂಟ್ ಇಲ್ಲ.

ಹೆಂಡತಿ ಮಗ ಎಲ್ಲಿ ಅಂತ ಕೇಳುತ್ತೀರಿ. ಹಿಂದೆ ಎರಡು ಸೀಟು ಖಾಲಿ ಇತ್ತು, ತೂಕದ ಲೆಕ್ಕವೂ ಸರಿ ಹೋಗುತ್ತಿತ್ತು. ನಾನೇ ಬೇಡ ಅಂದೆ. ನನಗೆ ಐದು ಕಲ್ಲು ಪರವಾಗಿಲ್ಲ. ಮನೆಯವರೆಲ್ಲ ಒಂದೇ ಚೀಲಕ್ಕೆ ಕೈ ಹಾಕುವುದು ಬೇಡ ಅನ್ನಿಸಿತು. ಇದು ಗಣಿತ ಅಲ್ಲ, ನನಗೂ ಗೊತ್ತು. ಹೆಂಡತಿ, "ನಿಮಗೆ ಸೇಫ್ ಅಲ್ಲದ್ದು ನಮಗೆ ಬೇಡ, ನಮಗೆ ಬೇಡದ್ದು ನಿಮಗೆ ಯಾಕೆ?" ಅಂದಳು. ಮಗ ಎರಡು ದಿನ ಮಾತು ಬಿಟ್ಟ. ಬೇಲಿಯ ಪಕ್ಕ ನಿಂತು ವಿಡಿಯೊ ಮಾಡಿದ್ದಾನೆ, ಅದರಲ್ಲಿ ಇರುವುದು ಬೇರೆ ವಿಮಾನ.

ಇನ್ನೊಂದು ದೂರು. ಒಂದು ಗಂಟೆ ಅಂತ ಮಾರಿದರು, ಮೀಟರಿನಲ್ಲಿ ಬಂದದ್ದು 0.8, ಅಂದರೆ 48 ನಿಮಿಷ, ಅದರಲ್ಲಿ ಎಂಜಿನ್ ಬಿಸಿ ಮಾಡಿ ರನ್‌ವೇವರೆಗೆ ಉರುಳಿದ್ದು ಹತ್ತು. ಗಾಳಿಯಲ್ಲಿ ಇದ್ದದ್ದು 38 ನಿಮಿಷ. ಕೌಂಟರಿನಲ್ಲಿ ಕೇಳಿದರೆ ಒಂದು ಗಂಟೆ ಅಂದರೆ ನೆಲದ ಪಾಠವೂ ಸೇರಿ ಸರ್ ಅಂದ. ಮೊದಲೇ ಹೇಳಬೇಕಿತ್ತು. ಹೆಡ್‌ಸೆಟ್ ಕೂಡ ಎಡಗಿವಿಯಲ್ಲಿ ಕರಕರ ಅನ್ನುತ್ತಿತ್ತು.

ನಾನು ಹುಡುಗನಿಗೆ ಲೆಕ್ಕದ ವಿಷಯವನ್ನೂ ಹೇಳಿದೆ, ಜಗಳಕ್ಕಲ್ಲ. ಕಾರಿಗಿಂತ ಸೇಫ್ ಅನ್ನಬೇಡ, ಬೈಕಿನ ಹಾಗೆ ಅನ್ನು, ಬರುವವರು ಬಂದೇ ಬರುತ್ತಾರೆ ಅಂದೆ. ಹಾಗಂದರೆ ಯಾರೂ ಸಹಿ ಹಾಕಲ್ಲ ಸರ್ ಅಂದ. ನಾನು ಹಾಕುತ್ತಿದ್ದೆ.

ಲೈಸೆನ್ಸಿಗೆ ಸೇರುತ್ತೀರಾ ಅಂತ ಕೇಳಿದರೆ, ಇನ್ನೂ ಗೊತ್ತಿಲ್ಲ. ಕನಿಷ್ಠ 40 ಗಂಟೆ ಅನ್ನುತ್ತೆ ನಿಯಮ, ಬಹಳ ಜನಕ್ಕೆ 60, 70 ಆಗುತ್ತೆ. ಒಂದು ಗಂಟೆಯ ಲೆಕ್ಕ ನನಗೆ ತೊಂದರೆ ಇಲ್ಲ. ಆದರೆ ಲೈಸೆನ್ಸ್ ಸಿಕ್ಕಿ ವರ್ಷಕ್ಕೆ 100 ಗಂಟೆ ಹಾರಿದರೆ, ಸರಾಸರಿ ಪೈಲಟ್ ಆಗಿದ್ದರೂ, ವರ್ಷಕ್ಕೆ ಹತ್ತಿರ ಹತ್ತಿರ 1000ಕ್ಕೆ 1. ಹತ್ತು ವರ್ಷ ಹಾರಿದರೆ 100ಕ್ಕೆ 1. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬಂದವರನ್ನು ನೂರು ನೂರು ಎಣಿಸಿ ನೋಡಿದರೆ ಅದು ಸಣ್ಣ ಸಂಖ್ಯೆ ಅನ್ನಿಸುವುದಿಲ್ಲ. ಟರ್ಮ್ ಇನ್ಶೂರೆನ್ಸ್ ಫಾರ್ಮಿನಲ್ಲಿ ಪೈಲಟ್ ಆಗಿ ಹಾರುತ್ತೀರಾ, ಹಾರುವ ಯೋಚನೆ ಇದೆಯಾ ಅಂತ ಬೇರೆ ಪ್ರಶ್ನೆಯೇ ಇದೆ. ನಾನು ಅದನ್ನು ತುಂಬಿದ್ದು ಹಾರುವ ಮೊದಲು. ಹೊಸ ಪಾಲಿಸಿ ತಗೊಳ್ಳುವವರು ಅಲ್ಲಿ ಸುಳ್ಳು ಬರೆಯಬೇಡಿ, ನಾಳೆ ಮನೆಯವರು ಕಷ್ಟಪಡುತ್ತಾರೆ.

ಹೋಗುವವರಿಗೆ: ಬೇಸಿಗೆಯಲ್ಲಿ ಬೆಳಗಿನ ಸ್ಲಾಟ್ ಬೇಡ, ಮೋಡ ಬಿಡುವುದೇ ಹತ್ತು ಹನ್ನೊಂದಕ್ಕೆ. ಹಾಗಂತ ತೀರಾ ಮಧ್ಯಾಹ್ನ ಹೋದರೆ ಬೆಟ್ಟದ ಬಿಸಿಗಾಳಿಗೆ ಗಾಡಿ ಕುಲುಕುತ್ತೆ. ಗಾಳಿಯಲ್ಲಿ ಎಷ್ಟು ನಿಮಿಷ ಅಂತ ಬರೆದು ಕೊಡಲು ಹೇಳಿ. ಯಾವ ಟೀಚರ್ ಅಂತ ಕೇಳಿ, ಕೊನೆಯ ಸಲ ಹವೆ ನೋಡಿ ಯಾವಾಗ ಕ್ಯಾನ್ಸಲ್ ಮಾಡಿದಿರಿ ಅಂತಲೂ ಕೇಳಿ, ಉತ್ತರ ತಡವಿಲ್ಲದೆ ಬಂದರೆ ಅವರ ಜೊತೆ ಹೋಗಿ. ಹಳೇ ಪ್ಯಾಂಟ್ ಹಾಕಿಕೊಳ್ಳಿ. ತಿಂಡಿಗೆ ಎರಡು ಇಡ್ಲಿ ಸಾಕು. ನಾನು ಬಿಸಿಬೇಳೆಬಾತ್ ತಿಂದು ಹೋಗಿದ್ದೆ, ಆ ಎಂಜಿನ್ ನಿಲ್ಲಿಸುವ ಹೊತ್ತಿಗೆ ಅದು ಗಂಟಲವರೆಗೆ ಬಂದು ಇಣುಕಿ ನೋಡಿ ಹೋಯಿತು.